ಅಡುಗೆಮನೆ ಇರುವ ಕಡಲ ಮನೆ: ಕಣ್ಣೂರಾ, ಮಲ್ಪೆಯಾ, ಗೋಕರ್ಣವಾ?

ಮೈಸೂರಿಂದ ಹೋಗಿ, ನಾವೇ ಬೇಯಿಸಿಕೊಂಡು ಇರೋಕೆ ಕಡಲ ಪಕ್ಕದ ಮನೆ ಎಲ್ಲಿ ಹಿಡಿಯೋದು ಅಂತ ಕೇಳಿದ್ದೀರಿ.

ಮೊದಲು ದಾರಿ. ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಸುಮಾರು 170 ಕಿ.ಮೀ., ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಅನ್ನ ಅಲ್ಲೇ ಬೇಯಿಸಬಹುದು. ಮಡಿಕೇರಿ, ಮಂಗಳೂರು ದಾಟಿ ಮಲ್ಪೆಗೆ 300 ಕಿ.ಮೀ.ಗಿಂತ ಜಾಸ್ತಿ. ಗೋಕರ್ಣ ಇನ್ನೂ ದೂರ, ನಾಲ್ಕು ದಿನ ರಜೆ ಇದ್ದರೆ ಮಾತ್ರ ಹೋಗಿ.

ಅಡುಗೆಗೆ ನನ್ನ ಮನಸ್ಸು ಮಲ್ಪೆ ಕಡೆಗೇ. ಬಂದರು ಅಲ್ಲೇ ಇರೋದರಿಂದ ಬಂಗುಡೆ, ಬೂತಾಯಿ ತಾಜಾ ಸಿಗುತ್ತೆ, ತರಕಾರಿಗೆ ಉಡುಪಿ ಐದಾರು ಕಿ.ಮೀ., ಅಲ್ಲಿನ ಬದನೆಕಾಯಿ ಮಟ್ಟುಗುಳ್ಳ ಕಂಡರೆ ಹುಳಿ ಮಾಡದೆ ಬರಬೇಡಿ. ಆದರೆ ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿಯೂ ಇಲ್ಲ. ಎಲ್ಲಿಗೆ ಹೋದರೂ ಮಂಡ್ಯದ ಅಕ್ಕಿ, ರಾಗಿ ಹಿಟ್ಟು ಜೊತೆಗಿರಲಿ, ಕುಚ್ಚಲಕ್ಕಿ ಎಲ್ಲರಿಗೂ ಒಗ್ಗಲ್ಲ ಅಲ್ವಾ.

ಅಜ್ಜ ಅಜ್ಜಿ ಬರ್ತಾರಾ? ಹಾಗಾದರೆ ಕಣ್ಣೂರು. ಅಲ್ಲಿನ ಮುಳಪ್ಪಿಲಂಗಾಡ್ ತೀರದಲ್ಲಿ ಸುಮಾರು 4 ಕಿ.ಮೀ. ಗಟ್ಟಿ ಮರಳಿನ ಮೇಲೆ ಕಾರೇ ಓಡಿಸಬಹುದು, ಅವರು ಕೂತಲ್ಲೇ ಕಡಲು ನೋಡ್ತಾರೆ. ಗೋಕರ್ಣದ ಕುಡ್ಲೆ ತೀರಕ್ಕೆ ಇಳಿದು ಹತ್ತಬೇಕು, ಅದು ನಡೆಯೋಕೆ ಇಷ್ಟಪಡುವ ಹುಡುಗರಿಗೆ ಚೆಂದ.

ಬಾಡಿಗೆ ಮೂರೂ ಕಡೆ ವಾರದ ನಡುವೆ ಕಮ್ಮಿ, ಡಿಸೆಂಬರ್ ಕೊನೆಗೆ ಜಾಸ್ತಿ. ಶಿವರಾತ್ರಿಗೆ ಗೋಕರ್ಣ ಬೇಡ, ವಿಪರೀತ ಜನ.

ಮುಂಗಡ ಕೊಡೋ ಮೊದಲು ಗ್ಯಾಸ್, ಪಾತ್ರೆ, ಕುಡಿಯೋ ನೀರು, ಮೀನು ಮಾಡಬಹುದಾ ಅಂತ ಬಿಡಿಸಿ ಕೇಳಿ. ಒಮ್ಮೆ ನಮಗೆ ಅಡುಗೆಮನೆ ಇದೆ ಅಂದವರು ಕೊಟ್ಟಿದ್ದು ಒಂದು ಕೆಟಲ್ ಮಾತ್ರ, ಮಕ್ಕಳು ಹಸಿದು ಮಲಗಿದರು.