ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಮೊದ್ಲೇ ಎಂಆರ್‌ಐಗೆ ಓಡ್ಬೇಡಿ

ನಾವಿರೋದು ಮುಂಬಯಿ ಹತ್ರದ ಡೊಂಬಿವಲಿಯಲ್ಲಿ. ಅಮ್ಮನಿಗೆ 62, ಮುಟ್ಟು ನಿಂತು ಹನ್ನೊಂದು ವರ್ಷ ಆಗಿತ್ತು. ಮಳೆಗಾಲದಲ್ಲಿ ಒಂದಿನ ಬೆಳಗಿನ ಐದು ಗಂಟೆಗೇ ಎದ್ದು ಲಂಗ ಒಗೀತಿದ್ಲು, ಏನಮ್ಮಾ ಅಂದ್ರೆ "ಎಂತ ಇಲ್ಲ ಮಾರಾಯ್ತಿ, ಉಷ್ಣ" ಅಂದ್ಲು. ಆಮೇಲೆ ಗೊತ್ತಾಯ್ತು ರಕ್ತ ಹೋಗೋದು ಒಂದು ತಿಂಗಳಿಂದ ನಡೀತಿತ್ತಂತೆ, ಯಾರಿಗೂ ಹೇಳಿಲ್ಲ.

ಹತ್ತಿರದ ಡಾಕ್ಟ್ರ ಹತ್ರ ಹೋದ್ವಿ, ಸೋನೋಗ್ರಫಿ ಬರೆದ್ರು. ಸೆಂಟರಲ್ಲಿ ಒಳಗಿಂದ ಮಾಡೋ ಸೋನೋಗ್ರಫಿಗೆ ಅಮ್ಮ ಒಪ್ಲೇ ಇಲ್ಲ, ನಾಚಿಕೆ, ಅವ್ರೂ ತಲೆ ಕೆಡಿಸ್ಕೊಳ್ಳದೆ ಹೊಟ್ಟೆ ಮೇಲಿಂದ ನೋಡಿ ಗರ್ಭಚೀಲ ಸ್ವಲ್ಪ ದಪ್ಪ ಇದೆ ಅಂತ ಬರ್ದು ಕಳಿಸಿದ್ರು. ಮಾತ್ರೆ ಕೊಟ್ರು, ರಕ್ತ ನಿಂತ ಹಾಗಾಯ್ತು, ನಾವೂ ಸುಮ್ನಾದ್ವಿ. ಐದು ವಾರ ಅಲ್ಲಿಗೇ ಹೋಯ್ತು.

ಮತ್ತೆ ಶುರುವಾದಾಗ ಬೇರೆ ಡಾಕ್ಟ್ರು. ಈ ಸಲ ಬೈದು ಒಪ್ಸಿ ಒಳಗಿಂದ ಮಾಡ್ಸಿದ್ರೆ ಗರ್ಭಚೀಲದ ಒಳಪದರ 13 ಮಿಲಿಮೀಟರ್ ದಪ್ಪ! ಮುಟ್ಟು ನಿಂತವ್ರಲ್ಲಿ ರಕ್ತ ಹೋಗ್ತಿದ್ರೆ 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ರೆ ಒಳಗಿನ ಸ್ಯಾಂಪಲ್ (ಬಯಾಪ್ಸಿ) ತೆಗೀಲೇಬೇಕು, ಕಡಿಮೆ ಇದ್ರೂ ರಕ್ತ ಮತ್ತೆ ಮತ್ತೆ ಬಂದ್ರೆ ತೆಗೀಬೇಕು, ಇದೆಲ್ಲ ನಂಗೆ ಆಮೇಲೆ ತಿಳಿದದ್ದು. ಆ ಡಾಕ್ಟ್ರು ಹೇಳಿದ್ದು ಏನು ಗೊತ್ತಾ, "ಮೊದ್ಲು ಎಂಆರ್‌ಐ ಮಾಡ್ಸಿ, ಅದ್ರಲ್ಲಿ ಎಲ್ಲ ಗೊತ್ತಾಗುತ್ತೆ". ಪಿಶವಿ (ಅಂದ್ರೆ ಗರ್ಭಚೀಲ) ತೆಗ್ಸಿಬಿಡಿ, ತಲೆನೋವೇ ಬೇಡ ಅಂತ ಇನ್ನೊಬ್ರು. ಪುಣ್ಯಕ್ಕೆ ಅದೊಂದು ಮಾಡ್ಲಿಲ್ಲ.

ಎಂಆರ್‌ಐ ಡೇಟಿಗೆ ಕಾದ್ವಿ, ಕೈಯಿಂದ ದುಡ್ಡು ಕಟ್ಟಿದ್ವಿ, ಅಡ್ಮಿಟ್ ಆಗ್ದೆ ಮೆಡಿಕ್ಲೇಮ್ ಬರಲ್ಲ ಅಂದ್ರು. ರಿಪೋರ್ಟ್ ಕೊನೇಲಿ ಒಂದೇ ಸಾಲು: ಅನುಮಾನ ಇದೆ, ಬಯಾಪ್ಸಿ ಜೊತೆ ತಾಳೆ ನೋಡಿ. ಅಂದ್ರೆ ಸುತ್ತಿ ಬಳಸಿ ಅಲ್ಲಿಗೇ ಬಂದ್ವಿ ನೋಡಿ! ಅಷ್ಟೊತ್ತಿಗೆ ಗಣಪತಿ ಬಂತು, ಡಾಕ್ಟ್ರು ಊರಿಗೆ. ಆಮೇಲೆ ಡಿ ಆಂಡ್ ಸಿ (ಗರ್ಭಚೀಲದ ಒಳಪದರ ಕೆರೆದು ಸ್ಯಾಂಪಲ್ ತೆಗೆಯೋದು), ಅದರ ರಿಪೋರ್ಟಿಗೆ ಎಂಟು ದಿನ. ಕ್ಯಾನ್ಸರ್ ಅಂತ ಬಂತು.

ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ದಾದರಲ್ಲಿಳಿದು ದೊಡ್ಡಾಸ್ಪತ್ರೆಗೆ ಹೋದ್ರೆ ಅಲ್ಲಿನ ಡಾಕ್ಟ್ರಮ್ಮ ನಮ್ಮ ಎಂಆರ್‌ಐ ಫಿಲ್ಮ್ ಬೆಳಕಿಗೆ ಹಿಡಿದು ಪಕ್ಕಕ್ಕಿಟ್ರು. ಡೈ (ಚಿತ್ರ ಸ್ಪಷ್ಟ ಬರ್ಲಿ ಅಂತ ರಕ್ತನಾಳಕ್ಕೆ ಕೊಡೋ ಮದ್ದು) ಹಾಕದೇ ಮಾಡಿದ್ದು, ಮೇಲಾಗಿ ಹಳೇದು, ಮತ್ತೆ ಮಾಡ್ಬೇಕು. ಪಾಪ, ಅವ್ರೇ ಕೂತು ಬಿಡಿಸಿ ಹೇಳಿದ್ದು: ಕ್ಯಾನ್ಸರ್ ಹೌದೋ ಅಲ್ವೋ ಖಚಿತವಾಗಿ ಹೇಳೋದು ಸ್ಯಾಂಪಲ್ ಮಾತ್ರ, ಬಹಳ ಜನಕ್ಕೆ ಅದನ್ನ ಓಪಿಡಿಯಲ್ಲೇ ಸಣ್ಣ ನಳಿಕೆ ಹಾಕಿ ತೆಗೀಬಹುದು. ಎಂಆರ್‌ಐ ಕೆಲಸ ಆಮೇಲೆ, ಆಪರೇಷನ್‌ಗಿಂತ ಮುಂಚೆ, ಗಡ್ಡೆ ಗರ್ಭಚೀಲದ ಗೋಡೆಯಲ್ಲಿ ಅರ್ಧಕ್ಕಿಂತ ಆಳ ಇಳಿದಿದೆಯಾ, ಕೆಳಗೆ ಬಾಯಿವರೆಗೆ ಬಂದಿದೆಯಾ ನೋಡೋಕೆ. ಚೀಲ ತೆಗೆದ್ಮೇಲೆ ಅದನ್ನ ಎಂಆರ್‌ಐಯಲ್ಲಿ ನೋಡೋಕೆ ಉಳಿಯೋದೇ ಇಲ್ಲ. ಡಿ ಆಂಡ್ ಸಿ ಆದ ಬೆನ್ನಿಗೇ ಮಾಡಿದ್ರೂ ಒಳಗಿನ ರಕ್ತ, ಬಾವು ಗೊಂದಲ ಮಾಡುತ್ತಂತೆ.

ಮತ್ತೆ ಕ್ರಿಯಾಟಿನಿನ್ ಟೆಸ್ಟ್ (ಡೈ ಹಾಕೋಕೆ ಕಿಡ್ನಿ ಸರಿ ಇದೆಯಾ ನೋಡ್ಬೇಕು, ಅಮ್ಮನಿಗೆ ಶುಗರ್ ಬೇರೆ), ಮತ್ತೆ ಎಂಆರ್‌ಐ, ಮತ್ತೆ ದುಡ್ಡು. ಬಯಾಪ್ಸಿಯ ಸ್ಲೈಡ್ (ಗಾಜಿನ ಮೇಲಿನ ತೆಳು ಪದರ), ಬ್ಲಾಕ್ (ಮೇಣದಲ್ಲಿ ಇಟ್ಟ ಸ್ಯಾಂಪಲ್) ಎರಡೂ ಕೇಳ್ತಾರೆ, ಹಳೇ ಲ್ಯಾಬಿಂದ ಬ್ಲಾಕ್ ಬಿಡಿಸ್ಕೊಳ್ಳೋಕೆ ನಂಗೆ ನಾಲ್ಕು ಸಲ ಓಡಾಟ. ನಿಮ್ಮನೇಲಿ ಬಯಾಪ್ಸಿ ಆದ್ರೆ ರಿಪೋರ್ಟ್ ಜೊತೆಗೇ ಅವೆರಡನ್ನೂ ಕೇಳಿ ಇಟ್ಕೊಳ್ಳಿ.

ಮೊದಲ ಸೋನೋಗ್ರಫಿಯಿಂದ ಆಪರೇಷನ್‌ವರೆಗೆ ನಾಲ್ಕು ತಿಂಗಳ ಮೇಲಾಯ್ತು. ಎರಡನೇ ಎಂಆರ್‌ಐಯಲ್ಲಿ ಅರ್ಧಕ್ಕಿಂತ ಆಳ ಇತ್ತು, ಆಪರೇಷನ್ ಆಗಿ ಈಗ ರೇಡಿಯೇಷನ್ ನಡೀತಿದೆ. ಮೊದ್ಲೇ ಸ್ಯಾಂಪಲ್ ತೆಗ್ದಿದ್ರೆ ಕಡಿಮೆ ಇರ್ತಿತ್ತಾ ಅಂತ ಕೇಳ್ದೆ, ಡಾಕ್ಟ್ರಮ್ಮ ಉತ್ತರ ಕೊಡ್ಲಿಲ್ಲ, ಮುಂದಿನ ತಾರೀಕು ಬರ್ದು ಕೊಟ್ರು.