ಓಡಿಸೋಕೆ ಎನ್, ಫೋಟೊಗೆ ಎಚ್‌ಒ: ಎರಡು ಉಗಿಬಂಡಿ ಲೇಔಟ್‌ಗಳ ಹೋಲಿಕೆ

ಮಾದರಿ ರೈಲು ಓಡಿಸಲಿಕ್ಕೆ ಒಂದೇ ಅಳತೆಯ ಎರಡು ಹಲಗೆ. ಒಂದೊಂದೂ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಒಂದರ ಮೇಲೆ ಎನ್ ಸ್ಕೇಲಿನ ಹಳಿ, ಇನ್ನೊಂದರ ಮೇಲೆ ಎಚ್‌ಒ. ಎರಡರಲ್ಲೂ ಉಗಿ ಎಂಜಿನ್ನೇ ಓಡಬೇಕು, ಎರಡರ ಫೋಟೊ ಕೂಡ ಚೆನ್ನಾಗಿ ಬರಬೇಕು. ಯಾವುದು ಮೇಲು ಅಂತ ನೋಡಿಯೇ ಬಿಡೋಣ ಅಂದುಕೊಂಡು ಶುರು ಮಾಡಿದೆ. ಎರಡು ವರ್ಷ ಹಿಡಿಯಿತು. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ: ಕಣ್ಣಿಗೆ ಗೆದ್ದದ್ದು ಕ್ಯಾಮೆರಾ ಮುಂದೆ ಸೋತಿತು.

ಹೊಸಬರಿಗಾಗಿ ಸ್ವಲ್ಪ ಲೆಕ್ಕ. ಎಚ್‌ಒ ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎರಡು ಕಂಬಿಗಳ ನಡುವಿನ ಅಂತರ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435 ಮಿ.ಮೀ., ಅಂದರೆ ನಿಜವಾದ ರೈಲಿನ ಸ್ಟ್ಯಾಂಡರ್ಡ್ ಗೇಜ್ (ಕಂಬಿಗಳ ನಡುವಿನ ಅಂತರ) ಸರಿಯಾಗಿ ಬರುತ್ತದೆ. ಎನ್ ಅಂದರೆ 1:160, ಅಂತರ 9 ಮಿ.ಮೀ. ಇವೆರಡರ ಜೊತೆ ಒಒ ಅಂತ ಇನ್ನೊಂದಿದೆ. ಅದು 1:76.2, ಆದರೆ ಓಡುವುದು ಅದೇ 16.5 ಮಿ.ಮೀ. ಹಳಿಯ ಮೇಲೆ. ಗುಣಿಸಿ ನೋಡಿದರೆ 1257 ಮಿ.ಮೀ. ಮಾತ್ರ. ಗೆಳೆಯನ ಒಒ ಎಂಜಿನ್ ಒಂದನ್ನು ತಂದು ನನ್ನ ಎಚ್‌ಒ ಹಳಿಯ ಮೇಲೆ ನಿಲ್ಲಿಸಿ ನೋಡಿದೆ. ಪಕ್ಕದಿಂದ ಬಹಳ ಚೆಂದ. ಎದುರಿನಿಂದ ಫೋಟೊ ತೆಗೆದರೆ ದಪ್ಪ ಮನುಷ್ಯ ಸಣ್ಣ ಸ್ಟೂಲಿನ ಮೇಲೆ ಕೂತ ಹಾಗೆ! ಆ ಒಂದೇ ಫೋಟೊ ನೋಡಿ ಒಒ ಕೈಬಿಟ್ಟೆ.

ಓಡಿಸುವ ವಿಷಯಕ್ಕೆ ಬಂದರೆ ಎನ್‌ಗೆ ಸಾಟಿಯಿಲ್ಲ. 25 ಸೆಂ.ಮೀ. ತ್ರಿಜ್ಯದ ತಿರುವು ಹಾಕಿದರೆ 60 ಸೆಂ.ಮೀ. ಅಗಲದಲ್ಲಿ ಪೂರ್ತಿ ಸುತ್ತು ಸಿಗುತ್ತದೆ. ಎಂಟು ಬೋಗಿಯ ಗಾಡಿ ಬಿಟ್ಟು ಸುಮ್ನೆ ಕೂತು ನೋಡಬಹುದು. ಎಚ್‌ಒದಲ್ಲಿ ಸಾಮಾನ್ಯ ತಿರುವಿಗೇ 45 ಸೆಂ.ಮೀ. ತ್ರಿಜ್ಯ ಬೇಕು. ನನ್ನ ಹಲಗೆಯಲ್ಲಿ ಅದು ಹಿಡಿಸುವ ಮಾತೇ ಇಲ್ಲ. ಹಾಗಾಗಿ ಎಚ್‌ಒ ಹಲಗೆಯಲ್ಲಿ ಒಂದು ಚಿಕ್ಕ ನಿಲ್ದಾಣ, ಮೂರು ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ), ಕಲ್ಲಿದ್ದಲು ತುಂಬುವ ಜಾಗ, ನೀರಿನ ತೊಟ್ಟಿ, ಇಷ್ಟೇ. ಗಾಡಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಡಬ್ಬಿ ಬಿಡಿಸುವುದು, ಸೇರಿಸುವುದು. ಕೆಲವರಿಗೆ ಅದೇ ಮಜಾ. ನನಗೆ ಅರ್ಧ ಗಂಟೆಗೆ ಸಾಕಾಗುತ್ತದೆ.

ಆದರೆ ಎನ್ ಉಗಿ ಎಂಜಿನ್ನಿಗೆ ಒಂದು ಚಾಳಿ ಇದೆ, ನಿಧಾನಕ್ಕೆ ಹೋಗು ಅಂದರೆ ನಿಂತೇಬಿಡುತ್ತದೆ. ತೂಕ ಕಡಿಮೆ. ಇವು ಓಡುವುದು ಹಳಿಯಿಂದ ಬರುವ ಕರೆಂಟಿನಲ್ಲಿ, ಅದನ್ನು ಎತ್ತಿಕೊಳ್ಳುವ ಚಕ್ರಗಳೂ ಕಡಿಮೆ. ಜಾರದಿರಲಿ ಅಂತ ಒಂದು ಜೋಡಿ ಚಕ್ರಕ್ಕೆ ರಬ್ಬರ್ ಬಳೆ ಹಾಕಿರುತ್ತಾರೆ, ಆ ಚಕ್ರಗಳಿಂದ ಕರೆಂಟು ಬರುವುದೇ ಇಲ್ಲ. ಪಾಯಿಂಟಿನ ನಡುವೆ ಕಂಬಿಗಳು ಕೂಡುವ ಕಡೆ ಪ್ಲಾಸ್ಟಿಕ್ ತುಂಡು ಇದ್ದರಂತೂ ಚಿಕ್ಕ ಎಂಜಿನ್ ಅಲ್ಲೇ ಮಲಗುತ್ತದೆ. ಆ ಭಾಗವೂ ಲೋಹದ್ದಾಗಿರುವ, ಕರೆಂಟು ಹರಿಯುವ ಪಾಯಿಂಟ್ ಹಾಕಿದ ಮೇಲೆ ಮುಕ್ಕಾಲು ಪಾಲು ಕಾಟ ತಪ್ಪಿತು. ಟೆಂಡರಿನ (ಎಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಬಂಡಿ) ಚಕ್ರಗಳಿಂದಲೂ ಕರೆಂಟು ತೆಗೆದುಕೊಳ್ಳುವ ಎಂಜಿನ್ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಹಳಿ ಒರೆಸುವುದೇ ಗತಿ.

ಹಲಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎನ್‌ಗೆ 5 ಸೆಂ.ಮೀ. ದಪ್ಪದ ಗಟ್ಟಿ ಫೋಮ್, ಎಚ್‌ಒಗೆ ಚೌಕಟ್ಟು ಕಟ್ಟಿದ 9 ಮಿ.ಮೀ. ಪ್ಲೈವುಡ್ ಬಳಸಿದೆ. ಫೋಮ್ ಹಗುರ. ಗುಡ್ಡ, ಹಳ್ಳ ಎಲ್ಲವನ್ನೂ ಚಾಕುವಿನಲ್ಲೇ ಕೆತ್ತಬಹುದು. ಆದರೆ ಗಾಡಿ ಓಡಿದರೆ ತಮಟೆ ಬಡಿದ ಸದ್ದು, ಪಾಯಿಂಟ್ ಮೋಟರ್‌ನ ಸ್ಕ್ರೂ ಹಿಡಿಯುವುದಿಲ್ಲ. ಮೇಲಾಗಿ ಬಣ್ಣದ ಸ್ಪ್ರೇ ಹೊಡೆದರೆ ಕರಗಿ ಕುಳಿ ಬೀಳುತ್ತದೆ. ನನ್ನ ಸುರಂಗದ ಬಾಯಿ ಹೋದದ್ದು ಹೀಗೆ. ಮತ್ತೆ ಕಟ್ಟುವುದಾದರೆ ಪ್ಲೈವುಡ್ ಮೇಲೆ ತೆಳ್ಳಗಿನ ಫೋಮ್ ಅಂಟಿಸುತ್ತೇನೆ.

ಗಾಡಿಗೆ ಕರೆಂಟು ಕೊಟ್ಟು ಓಡಿಸಲಿಕ್ಕೆ ಎರಡು ವಿಧಾನ: ಡಿಸಿ ಸಾಕೋ, ಡಿಸಿಸಿ ಬೇಕೋ? ಓಡಿಸುವವರು ಈ ಜಗಳವನ್ನು ಬೇರೆ ಥರ ಆಡುತ್ತಾರೆ, ಎಷ್ಟು ಎಂಜಿನ್ ಇವೆ, ಶಬ್ದ ಬೇಕಾ ಅಂತ. ಫೋಟೊ ತೆಗೆಯುವವನಿಗೆ ಒಂದೇ ಪ್ರಶ್ನೆ: ಗಾಡಿ ನಿಂತಾಗ ದೀಪ ಉರಿಯುತ್ತದಾ? ಡಿಸಿಯಲ್ಲಿ ಹಳಿಗೆ ಕೊಡುವ ವೋಲ್ಟೇಜೇ ವೇಗ. ಗಾಡಿ ನಿಲ್ಲಿಸಿದರೆ ಮುಂದಿನ ದೀಪವೂ ಆರುತ್ತದೆ. ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಕರೆಂಟು ಇರುತ್ತದೆ, ಎಂಜಿನ್ನೊಳಗಿನ ಡಿಕೋಡರ್ ಅದಕ್ಕೆ ಬಂದ ಆಜ್ಞೆಯಂತೆ ಮೋಟರು, ದೀಪ ಎರಡನ್ನೂ ನೋಡಿಕೊಳ್ಳುತ್ತದೆ. ರಾತ್ರಿ ನಿಲ್ದಾಣದಲ್ಲಿ ದೀಪ ಹಚ್ಚಿಕೊಂಡು ನಿಂತ ಎಂಜಿನ್ನಿನ ಚಿತ್ರ ಬೇಕಾದರೆ ಡಿಸಿಸಿಯೇ ಸರಿ. ಒಂದು ಕಿವಿಮಾತು: ಮಂಕಾಗಿಸಿದ ಎಲ್‌ಇಡಿ ಬಹಳ ಸಲ ನಿಜವಾಗಿ ಮಂಕಾಗಿರುವುದಿಲ್ಲ, ಬೇಗ ಬೇಗ ಹತ್ತಿ ಆರುತ್ತಿರುತ್ತದೆ. ಕೋಣೆಗೂ ಅಂಥದ್ದೇ ದೀಪ ಹಾಕಿಕೊಂಡು ಶಟರ್ ವೇಗ ಹೆಚ್ಚಿಸಿದರೆ ಚಿತ್ರದ ತುಂಬ ಕಪ್ಪು ಪಟ್ಟಿ ಬರುತ್ತವೆ.

ಈಗ ಕಂಬಿಯ ಎತ್ತರ. ಕ್ಯಾಮೆರಾ ನನ್ನ ಎನ್ ಲೇಔಟಿನ ಮಾನ ಕಳೆದದ್ದು ಇಲ್ಲೇ. ಮಾದರಿ ಹಳಿಗಳನ್ನು ಕೋಡ್ 100, 83, 80, 55 ಅಂತ ಕರೆಯುತ್ತಾರೆ. ಆ ಸಂಖ್ಯೆ ಕಂಬಿಯ ಎತ್ತರ, ಇಂಚಿನ ಸಾವಿರದ ಲೆಕ್ಕದಲ್ಲಿ. ಎಚ್‌ಒದಲ್ಲಿ ನಾನು ಹಾಕಿದ್ದು ಕೋಡ್ 83. 87ರಿಂದ ಗುಣಿಸಿದರೆ 7 ಇಂಚಿನ ಚಿಲ್ಲರೆ, ನಿಜವಾದ ಭಾರದ ಕಂಬಿಯ ಹತ್ತಿರಕ್ಕೆ ಬಂತು. ಎನ್‌ನಲ್ಲಿ ಹಾಕಿದ್ದು ಕೋಡ್ 80. 160ರಿಂದ ಗುಣಿಸಿ. ಸುಮಾರು 13 ಇಂಚು! ಒಂದಡಿಗಿಂತ ಎತ್ತರದ ಕಂಬಿ. ಮೇಲಿನಿಂದ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾವನ್ನು ಹಳಿಯ ಮಟ್ಟಕ್ಕೆ ಇಳಿಸಿದ ಕೂಡಲೇ ಎಂಜಿನ್ ಎರಡು ಗೋಡೆಗಳ ಮೇಲೆ ನಿಂತ ಹಾಗೆ ಕಾಣುತ್ತದೆ. ಕಂಬಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದು, ಜಲ್ಲಿಯನ್ನು ಸ್ವಲ್ಪ ಮೇಲಕ್ಕೇ ತುಂಬಿ ಮುಚ್ಚಿಟ್ಟೆ. ಅರ್ಧ ಪರಿಹಾರ ಅಷ್ಟೇ.

ಜಲ್ಲಿಯಲ್ಲೂ ಇದೇ ಕಥೆ. 5 ಸೆಂ.ಮೀ. ಕಲ್ಲು ಎಚ್‌ಒದಲ್ಲಿ 0.6 ಮಿ.ಮೀ., ಎನ್‌ನಲ್ಲಿ 0.3 ಮಿ.ಮೀ. ಎಚ್‌ಒಗೆ ಜರಡಿ ಹಿಡಿದ ಮರಳು ಸಾಕಾಯಿತು. ಹಾಕುವ ಮೊದಲು ಅದರಲ್ಲಿ ಅಯಸ್ಕಾಂತ ಆಡಿಸಿ ಕಪ್ಪು ಕಣಗಳನ್ನು ತೆಗೆಯಿರಿ, ಇಲ್ಲದಿದ್ದರೆ ಮೋಟರಿನ ಅಯಸ್ಕಾಂತ ಅವನ್ನು ಎಳೆದುಕೊಳ್ಳುತ್ತದೆ. ಎನ್‌ಗೆ ಅದೇ ಮರಳು ಹಾಕಿದರೆ ಬಂಡೆಗಳ ರಾಶಿ ಥರ ಕಂಡಿತು. ಹಿಟ್ಟಿನಷ್ಟು ನುಣ್ಣಗಿನ ಪುಡಿಯೇ ಬೇಕು. ಅದು ನೀರು ಬೆರೆಸಿದ ಬಿಳಿ ಅಂಟು ಬಿದ್ದ ಕೂಡಲೇ ತೇಲಿ ಹೋಗುತ್ತದೆ. ಮೊದಲು ಆಲ್ಕೋಹಾಲ್ ಸಿಂಪಡಿಸಿ ಒದ್ದೆ ಮಾಡಿ, ಆಮೇಲೆ ತೊಟ್ಟು ತೊಟ್ಟಾಗಿ ಅಂಟು ಬಿಟ್ಟರೆ ಕೂರುತ್ತದೆ. ಅಂಟಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಸಲೀಸಾಗಿ ಇಳಿಯುತ್ತದೆ.

ಫೋಟೊಗೆ ಫೋನ್ ಮತ್ತು ಕ್ಯಾಮೆರಾ ಎರಡನ್ನೂ ಇಟ್ಟುಕೊಂಡು ಜಗಳ ಹಚ್ಚಿದೆ. ದೊಡ್ಡ ಕ್ಯಾಮೆರಾ ಗೆಲ್ಲುತ್ತದೆ ಅಂದುಕೊಂಡಿದ್ದೆ. ಎತ್ತರದ ವಿಷಯದಲ್ಲಿ ಅದು ಹೀನಾಯವಾಗಿ ಸೋತಿತು. ನಿಜವಾದ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. ಅದು ಎಚ್‌ಒದಲ್ಲಿ 18 ಮಿ.ಮೀ., ಎನ್‌ನಲ್ಲಿ ಬರೀ 10 ಮಿ.ಮೀ. ನನ್ನ ಕ್ಯಾಮೆರಾವನ್ನು ಹಲಗೆಯ ಮೇಲೆ ಇಟ್ಟರೆ ಲೆನ್ಸಿನ ನಡುಭಾಗ 40 ಮಿ.ಮೀ. ಎತ್ತರದಲ್ಲಿ ಬರುತ್ತದೆ. ಎಚ್‌ಒ ಜಗತ್ತಿನಲ್ಲಿ ಅದು ಮೂರೂವರೆ ಮೀಟರ್, ಎನ್ ಜಗತ್ತಿನಲ್ಲಿ ಆರು ಮೀಟರ್ ದಾಟಿತು, ಅಂದರೆ ಮನೆಯ ಮಾಡಿನ ಮೇಲೆ ನಿಂತು ನೋಡಿದ ಹಾಗೆ. ಆಟಿಕೆ ಅಂತ ನೋಡುವವರಿಗೆ ಥಟ್ಟನೆ ಗೊತ್ತಾಗುವುದು ಇದರಿಂದಲೇ.

ಫೋನಿನ ಕವರ್ ತೆಗೆದು, ತಲೆಕೆಳಗು ಮಾಡಿ ಹಳಿಯ ಮೇಲೇ ನಿಲ್ಲಿಸಿದೆ. ಲೆನ್ಸ್ ಅಂಚಿನಿಂದ 12 ಮಿ.ಮೀ. ಒಳಗಿದೆ ಅಷ್ಟೇ. ಎನ್ ಎಂಜಿನ್ನಿನ ಎದುರು ಒಬ್ಬ ಆಳು ನಿಂತು ನೋಡಿದ ಹಾಗೆ ಚಿತ್ರ ಬಂತು. ಹೊಗೆಕೊಳವೆ ಆಕಾಶಕ್ಕೆ ಚುಚ್ಚಿಕೊಂಡಿತ್ತು, ಗಾಲಿಗಳನ್ನು ಜೋಡಿಸುವ ಸರಳುಗಳು ಕಣ್ಣಿನ ಮಟ್ಟಕ್ಕೆ ಬಂದಿದ್ದವು. ಮೊದಲ ಸಲ ನನ್ನದೇ ಎಂಜಿನ್ ನನಗೆ ದೊಡ್ಡದಾಗಿ ಕಂಡಿತು.

ಆದರೆ ನನ್ನ ಫೋನಿನಲ್ಲಿ ಲೆನ್ಸಿನ ರಂಧ್ರವನ್ನು ಕಿರಿದು ಮಾಡಲಾಗುವುದಿಲ್ಲ. ಎಂಜಿನ್ನಿನ ಮುಖ ಸ್ಪಷ್ಟವಾದರೆ ಹಿಂದಿನ ಬೋಗಿ ಮಸುಕು. ಇಲ್ಲಿ ಕ್ಯಾಮೆರಾ ವಾಪಸ್ ಬಂತು. ಎಫ್/16 (ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಇಟ್ಟು ಎಚ್‌ಒ ಎಂಜಿನ್ನನ್ನು ಓರೆಯಾಗಿ ತೆಗೆದರೆ ಆರೇಳು ಸೆಂ.ಮೀ. ಆಳ ಸ್ಪಷ್ಟವಾಗಿ ಸಿಕ್ಕಿತು. ಚೌಕಟ್ಟು ತುಂಬುವ ಹಾಗೆ ಎನ್ ಎಂಜಿನ್ ತೆಗೆದರೆ ಎರಡು ಸೆಂ.ಮೀ. ಕೂಡ ಇಲ್ಲ. ಹತ್ತಿರ ಹೋದಷ್ಟೂ ಈ ಆಳ ಕುಗ್ಗುತ್ತದೆ, ಎನ್ ಚಿಕ್ಕದಾದ್ದರಿಂದ ಹತ್ತಿರ ಹೋಗಲೇಬೇಕು. ಎಫ್/22ಕ್ಕೆ ಹೋದರೆ ಎಲ್ಲವೂ ಒಂದಿಷ್ಟು ಮಂಕು. ರಂಧ್ರ ತೀರಾ ಕಿರಿದಾದರೆ ಬೆಳಕು ಅದರ ಅಂಚಿನಲ್ಲಿ ಹರಡಿಕೊಳ್ಳುತ್ತದೆ.

ಹಾಗಾಗಿ ಫೋಕಸ್ ಸ್ಟ್ಯಾಕಿಂಗ್. ಎಫ್/8ರಲ್ಲಿ ಹತ್ತಿರದಿಂದ ದೂರಕ್ಕೆ ಫೋಕಸ್ ಸರಿಸುತ್ತ 15 ಚಿತ್ರ ತೆಗೆದು, ಹೆಲಿಕಾನ್ ಫೋಕಸ್‌ನಂಥ ಸಾಫ್ಟ್‌ವೇರಿನಲ್ಲಿ ಸ್ಪಷ್ಟ ಭಾಗಗಳನ್ನು ಮಾತ್ರ ಸೇರಿಸುವುದು. ಎಫ್/16ರ ಒಂಟಿ ಚಿತ್ರಕ್ಕೂ ಇದಕ್ಕೂ ಹೋಲಿಸಿದರೆ ಸ್ಟ್ಯಾಕಿಂಗ್ ಎಷ್ಟೋ ಮುಂದು, ಎರಡನೇ ಮಾತಿಲ್ಲ. ಕಷ್ಟ ಏನೆಂದರೆ 15 ಚಿತ್ರ ಮುಗಿಯುವವರೆಗೆ ಏನೂ ಅಲುಗಬಾರದು. ಒಂದು ಸಲ ಫ್ಯಾನ್ ಆರಿಸುವುದು ಮರೆತೆ. ಎಂಜಿನ್ ಅದ್ಭುತವಾಗಿ ಬಂದಿತ್ತು, ಹಿಂದಿನ ಮರಕ್ಕೆ ಮಾತ್ರ ಮೂರು ಮೂರು ಕೊಂಬೆ.

ಬೆಳಕಿಗೆ ಮೊದಲು ಎರಡು ದೀಪ ಇಟ್ಟೆ. ಕಂಬಕ್ಕೆ ಎರಡು ನೆರಳು ಬಿದ್ದವು, ಎರಡು ಸೂರ್ಯ ಇರುವ ಲೋಕ. ಒಂದೇ ದೀಪ ಹತ್ತಿರ ಇಟ್ಟರೆ ನೆರಳುಗಳು ಬೀಸಣಿಗೆಯ ಹಾಗೆ ಹರಡಿದವು. ಅದೇ ದೀಪವನ್ನು ಎರಡು ಮೀಟರ್ ದೂರಕ್ಕೆ ಸರಿಸಿ, ಎದುರು ಬದಿಗೆ ಬಿಳಿ ಕಾಗದ ಹಿಡಿದು ನೆರಳಿನ ಕಪ್ಪು ಕಡಿಮೆ ಮಾಡಿದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಹಿನ್ನೆಲೆಯ ಆಕಾಶದ ಪರದೆ ಹಳಿಯಿಂದ ಕನಿಷ್ಠ ಒಂದು ಮೊಳ ದೂರ ಇರಲಿ. ಇಲ್ಲದಿದ್ದರೆ ಗಾಡಿಯ ನೆರಳು ಮೋಡದ ಮೇಲೆ ಬೀಳುತ್ತದೆ.

ಕೊನೆಗೆ ಹೊಗೆ. ಮೂರು ದಾರಿ ನೋಡಿದೆ. ಎಚ್‌ಒ ಎಂಜಿನ್ನಿನೊಳಗೆ ಎಣ್ಣೆ ಕಾಯಿಸಿ ಹೊಗೆ ಬಿಡುವ ಪುಟ್ಟ ಯಂತ್ರ ಮೊದಲನೆಯದು. ಎದುರಿಗೆ ಕೂತು ನೋಡಿದರೆ ಖುಷಿಯೋ ಖುಷಿ. ಚಿತ್ರದಲ್ಲಿ ಮಾತ್ರ ಬಿಸಿನೀರಿನ ಲೋಟದಿಂದ ಎದ್ದ ಹಬೆಯ ಎಳೆಯಷ್ಟೇ. ಎಂಜಿನ್ನನ್ನು 87 ಪಟ್ಟು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗುವುದಿಲ್ಲ ಅಲ್ವಾ? ಮೇಲಿಂದ ಎಣ್ಣೆಯ ಪಸೆ ಹಳಿಗೆ ಬಿದ್ದು ಚಕ್ರ ಜಾರತೊಡಗಿತು. ಸ್ಟ್ಯಾಕಿಂಗ್ ಜೊತೆಗಂತೂ ಆಗುವುದೇ ಇಲ್ಲ. ಎರಡನೆಯದು ಹತ್ತಿ. ಅಲುಗುವುದಿಲ್ಲ, ಸ್ಟ್ಯಾಕಿಂಗ್‌ಗೆ ಒಗ್ಗುತ್ತದೆ. ಬೂದು ಸೀಮೆಸುಣ್ಣದ ಪುಡಿ ಹಚ್ಚಿದರೆ ದೂರದ ಚಿತ್ರಕ್ಕೆ ನಡೆಯುತ್ತದೆ. ಹತ್ತಿರ ಹೋದರೆ ನಾರು ಕಾಣುತ್ತದೆ. ಮೂರನೆಯದು, ಅದೇ ಹೊಗೆಯಂತ್ರವನ್ನು ಹೊರಗಿಟ್ಟು, ಕಪ್ಪು ಬಟ್ಟೆಯ ಮುಂದೆ ಪಕ್ಕದಿಂದ ಬೆಳಕು ಬಿಟ್ಟು ಬೇರೆಯಾಗಿ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ‘ಸ್ಕ್ರೀನ್’ ವಿಧಾನದಲ್ಲಿ ಚಿತ್ರದ ಮೇಲೆ ಕೂರಿಸುವುದು. ಕಪ್ಪು ಮಾಯವಾಗಿ ಬಿಳಿ ಉಗಿ ಮಾತ್ರ ಉಳಿಯುತ್ತದೆ. ಕಲ್ಲಿದ್ದಲಿನ ಕಪ್ಪು ಹೊಗೆ ಬೇಕಾದರೆ ಹೊಗೆಯ ಚಿತ್ರದ ಕಪ್ಪು ಬಿಳುಪನ್ನು ತಿರುಗುಮುರುಗು ಮಾಡಿ ‘ಮಲ್ಟಿಪ್ಲೈ’ ಹಾಕಿ. ಇದು ಮೋಸ ಅನ್ನುವವರಿದ್ದಾರೆ. ಪ್ಲಾಸ್ಟಿಕ್ ಮರ, ಕಾಗದದ ಆಕಾಶ ಇಟ್ಟುಕೊಂಡವರು ಹೊಗೆಯ ವಿಷಯದಲ್ಲಿ ಮಾತ್ರ ಹಾಗಂದರೆ ನನಗೆ ನಗು ಬರುತ್ತದೆ.

ಇನ್ನು ಧೂಳು. ತಲೆಯ ಒಂದು ಕೂದಲು ಎನ್ ಎಂಜಿನ್ನಿನ ಮೇಲೆ ಬಿದ್ದರೆ ಹೆಚ್ಚು ಕಡಿಮೆ ಕಿರುಬೆರಳು ದಪ್ಪದ ಹಗ್ಗ ಬಿದ್ದ ಹಾಗೆ. ಎಚ್‌ಒದಲ್ಲಿ ಅದರ ಅರ್ಧ. ಪ್ರತಿ ಫೋಟೊಗೆ ಮುಂಚೆ ಮೆತ್ತನೆಯ ಬ್ರಷ್ ಆಡಿಸುವುದು ಎರಡಕ್ಕೂ ತಪ್ಪಿದ್ದಲ್ಲ.

ಈಗ ಎನ್ ಹಲಗೆ ಸಂಜೆ ಹೊತ್ತು ಸುತ್ತು ಹೊಡೆಸಲಿಕ್ಕೆ, ಎಚ್‌ಒ ಹಲಗೆ ಫೋಟೊ ತೆಗೆಯಲಿಕ್ಕೆ ಅಂತ ಪಾಲಾಗಿದೆ. ಆದರೂ ಆ ತಲೆಕೆಳಗಾದ ಫೋನಿನ ಚಿತ್ರ ಮನಸ್ಸಿನಿಂದ ಹೋಗಿಲ್ಲ. ಎನ್ ಹಲಗೆಯ ಮುಂಭಾಗದಲ್ಲಿ 40 ಸೆಂ.ಮೀ. ಹಳಿ ಕಿತ್ತು ಕೋಡ್ 55 ಹಾಕುತ್ತಿದ್ದೇನೆ. ಹಳೆಯ ಬೋಗಿಗಳ ಚಕ್ರದ ಅಂಚು ದೊಡ್ಡದು, ಗಿಡ್ಡ ಕಂಬಿಯ ಮೇಲೆ ಅವು ಟಕಟಕ ಅನ್ನುತ್ತಿವೆ. ಮೂರು ಬೋಗಿಯ ಚಕ್ರ ಬದಲಾಯಿಸಿ ಆಯಿತು, ಇನ್ನೂ ಐದು ಬಾಕಿ.