ಬೋರಿವಲಿಯ ಕಾಡಿಗೆ ಜಲವರ್ಣವೋ, ತೈಲವರ್ಣವೋ?

ಮುಂಬೈಯ ಬೋರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡನ್ನು ಮಳೆಗಾಲದಲ್ಲಿ ಚಿತ್ರಿಸಲು ಯಾವ ಮಾಧ್ಯಮ ಸೂಕ್ತವೆಂದು ಕೇಳಿದ್ದೀರಿ. ಅದು ಕಾಡಿನ ಯಾವ ಭಾವ ನಿಮ್ಮನ್ನು ಸೆಳೆದಿದೆ ಎಂಬುದನ್ನು ಅವಲಂಬಿಸಿದೆ.

ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳ ದಾರಿಯಲ್ಲಿ ಮಂಜು ಕವಿದಾಗ, ಒದ್ದೆ ಕಾಗದದ ಮೇಲೆ ತೆಳುವಾದ ಬೂದುನೀಲಿಯನ್ನು ಹರಿಯಬಿಟ್ಟು, ಅದು ಒಣಗಿದ ಮೇಲೆ ಹತ್ತಿರದ ಕಾಂಡಗಳನ್ನು ಗಾಢವಾಗಿ ಬರೆದರೆ, ದೂರದ ಮರಗಳು ತಾವಾಗಿಯೇ ಕರಗಿದಂತೆ ಕಾಣುತ್ತವೆ. ಈ ಮೃದುತ್ವಕ್ಕೆ ನನ್ನ ಒಲವು ಜಲವರ್ಣದ ಕಡೆಗೇ. ಆದರೆ ಅಲ್ಲಿ ಬಿಳಿ ಕಾಗದವೇ ಬೆಳಕು; ಅದನ್ನು ಮೊದಲೇ ಉಳಿಸಿಕೊಳ್ಳದಿದ್ದರೆ ತಿದ್ದುವುದು ಕಷ್ಟ.

ದಟ್ಟ ನೆರಳಿನ ಗಾಂಭೀರ್ಯ, ತೊಗಟೆಯ ಒರಟುತನ ಬೇಕಿದ್ದರೆ ತೈಲವರ್ಣವೇ ಸರಿ. ರಷ್ಯಾದ ಚಿತ್ರಕಾರ ಇವಾನ್ ಶಿಶ್ಕಿನ್ (1832–1898) ಕಾಡಿನ ಒಂದೊಂದು ಕಾಂಡಕ್ಕೂ ತೈಲದಲ್ಲಿ ತೂಕ ತಂದುಕೊಟ್ಟರು. ನೆರಳನ್ನು ತೆಳುವಾಗಿ ಹಚ್ಚಿ, ಎಲೆಯ ಮೇಲಿನ ಬಿಸಿಲನ್ನು ಕೊನೆಯಲ್ಲಿ ದಪ್ಪವಾಗಿ ಇಡಬಹುದು. ತಪ್ಪಿದರೆ ಕೆರೆದು ತೆಗೆಯಬಹುದು.

ಆರಂಭದ ಖರ್ಚು ಜಲವರ್ಣಕ್ಕೆ ಕಡಿಮೆ, ಆದರೂ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದವನ್ನೇ ಕೊಳ್ಳಿರಿ. ತೆಳುವಾದದ್ದು ನೀರಿಗೆ ಸುರುಟಿಕೊಳ್ಳುತ್ತದೆ. ಮುಂಬೈಯ ತೇವಕ್ಕೆ ಕಾಗದ ಬೂಷ್ಟು ಹಿಡಿಯಬಹುದು; ಚಿತ್ರದ ರಕ್ಷಣೆಗೆ ಗಾಜಿನ ಚೌಕಟ್ಟೂ ಬೇಕು. ತೈಲಚಿತ್ರಕ್ಕೆ ಗಾಜು ಬೇಡ, ಆದರೆ ಒಣಗಲು ಹಲವು ದಿನ ಬೇಕು. ಒಂದೇ ಕೋಣೆಯ ಮನೆಯಲ್ಲಿ ಟರ್ಪೆಂಟೈನ್ ವಾಸನೆ ಮಕ್ಕಳಿಗೂ ಹಿರಿಯರಿಗೂ ತೊಂದರೆಯಾದೀತು.